ಎಂಜಿನ್ ಟ್ಯೂನ್ ಮಾಡಿಸಿದರೆ ವಾರಂಟಿ ಎಷ್ಟು ಉಳಿಯುತ್ತದೆ?

ಟೊಯೊಟಾ ಫಾರ್ಚೂನರ್ 2.8 ಡೀಸೆಲ್ ಬ್ರೋಶರ್ ಸಿಕ್ಕರೆ ಕೊನೆಯ ಪುಟ ನೋಡಿ. ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿ. ಮ್ಯಾನುಯಲ್ ತಗೊಂಡರೂ ಆಟೊಮ್ಯಾಟಿಕ್ ತಗೊಂಡರೂ ಎಂಜಿನ್ ಅದೇ, ಪವರ್ ಕೂಡ ಅದೇ 204 ಪಿಎಸ್. ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಮಾತ್ರ ಬೇರೆ. ಆಟೊಮ್ಯಾಟಿಕ್‌ಗೆ 500 ನ್ಯೂಟನ್ ಮೀಟರ್, ಮ್ಯಾನುಯಲ್‌ಗೆ 420. ಗೇರ್‌ಬಾಕ್ಸಿಗೆ ತಕ್ಕಂತೆ ಕಂಪನಿಯೇ ಮಿತಿ ಹಾಕಿಟ್ಟಿದೆ. ಮಹೀಂದ್ರ ಸ್ಕಾರ್ಪಿಯೊ-ಎನ್‌ನಲ್ಲೂ ಇದೇ ಕಥೆ. 175 ಪಿಎಸ್ ಡೀಸೆಲ್‌ನಲ್ಲಿ ಮ್ಯಾನುಯಲ್‌ಗೆ 370, ಆಟೊಮ್ಯಾಟಿಕ್‌ಗೆ 400.

ಟ್ಯೂನಿಂಗ್ ಗ್ಯಾರೇಜುಗಳು ಮಾರುವುದು ಇದನ್ನೇ. “ಸರ್, ಎಂಜಿನ್‌ನಲ್ಲಿ ದಮ್ ಇದೆ, ಕಂಪನಿಯವ್ರು ಲಾಕ್ ಮಾಡಿಟ್ಟಿದಾರೆ ಅಷ್ಟೇ.” ಮಾತು ಅರ್ಧ ನಿಜ. ಯಾಕೆ ಲಾಕ್ ಮಾಡಿದರು ಅನ್ನುವುದು ಉಳಿದರ್ಧ. ವಾರಂಟಿಯ ಜಗಳವೆಲ್ಲ ಹುಟ್ಟುವುದು ಅಲ್ಲಿ.

ಈ ಲಾಕ್ ಬಿಡಿಸಲು ಎಂಜಿನ್ನಿನ ಸಾಫ್ಟ್‌ವೇರ್ ತಿದ್ದುವುದಕ್ಕೆ ರೀಮ್ಯಾಪ್ ಅನ್ನುತ್ತಾರೆ. “ರೀಮ್ಯಾಪ್ ಮಾಡಿಸಿದ್ರೆ ವಾರಂಟಿ ಹೋಗುತ್ತಾ?” ಅಂತ ಕೇಳಿದರೆ ಸರ್ವೀಸ್ ಸೆಂಟರಿನವರು “ಪೂರ್ತಿ ಹೋಗುತ್ತೆ” ಅನ್ನುತ್ತಾರೆ. ಟ್ಯೂನರ್ “ಅವರಿಗೆ ಗೊತ್ತೇ ಆಗಲ್ಲ ಸರ್” ಅನ್ನುತ್ತಾನೆ. ಎರಡನ್ನೂ ಹಾಗೇ ನಂಬಬೇಡಿ. ಕೆಟ್ಟಿದ್ದು ಯಾವ ಭಾಗ? ಅದು ಕೆಟ್ಟಿದ್ದು ಟ್ಯೂನಿಂಗ್‌ನಿಂದಲೇ ಅಂತ ತೋರಿಸಲು ಯಾರ ಕೈಯಲ್ಲಿ ದಾಖಲೆ ಇದೆ? ಈ ಎರಡು ಪ್ರಶ್ನೆಗಳ ಮೇಲೆ ಎಲ್ಲ ನಿಂತಿದೆ. ಎರಡನೆಯದರಲ್ಲಿ ಮಾಲೀಕರು ಹೆಚ್ಚೂಕಡಿಮೆ ಯಾವಾಗಲೂ ಸೋಲುತ್ತಾರೆ.

ಮೊದಲು ಆಗುವುದೇನು ಅಂತ ನೋಡೋಣ. ಎಂಜಿನ್‌ಗೆ ಎಷ್ಟು ಇಂಧನ ಹೋಗಬೇಕು, ಸ್ಪಾರ್ಕ್ ಯಾವ ಕ್ಷಣಕ್ಕೆ ಬೀಳಬೇಕು, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎಷ್ಟು ಒತ್ತಡ ಕೊಡಬೇಕು, ಟಾರ್ಕ್ ಎಷ್ಟಕ್ಕೆ ನಿಲ್ಲಬೇಕು ಎಂಬುದೆಲ್ಲ ಇಸಿಯು ಎಂಬ ಕಂಪ್ಯೂಟರಿನೊಳಗೆ ಕೋಷ್ಟಕಗಳ ರೂಪದಲ್ಲಿ ಇರುತ್ತದೆ. ಇದಕ್ಕೆ ಮ್ಯಾಪ್ ಅನ್ನುತ್ತಾರೆ. ಡ್ಯಾಶ್‌ಬೋರ್ಡ್ ಕೆಳಗಿನ ಒಬಿಡಿ ಪೋರ್ಟಿಗೆ ಲ್ಯಾಪ್‌ಟಾಪ್ ಚುಚ್ಚಿ, ಆ ಅಂಕಿಗಳನ್ನು ತಿದ್ದಿ ಮತ್ತೆ ಬರೆಯುವುದು ರೀಮ್ಯಾಪ್. ಬಿಡಿಭಾಗ ಏನೂ ಬದಲಿಸದೆ ಬರೀ ಸಾಫ್ಟ್‌ವೇರ್ ತಿದ್ದಿದರೆ ಸ್ಟೇಜ್ 1. ಇನ್ನೊಂದು ಅಗ್ಗದ ದಾರಿ ಟ್ಯೂನಿಂಗ್ ಬಾಕ್ಸ್. ಇದು ಸೆನ್ಸರಿಗೂ ಇಸಿಯುಗೂ ನಡುವೆ ಕೂತು ಸುಳ್ಳು ಹೇಳುತ್ತದೆ. ಜ್ವರ ಇರುವವನು ಥರ್ಮಾಮೀಟರ್ ಕೊಡವಿ ಡಾಕ್ಟರ್ ಕೈಗೆ ಕೊಟ್ಟ ಹಾಗೆ. ಒತ್ತಡ ಕಡಿಮೆ ಇದೆ ಅಂದುಕೊಂಡು ಇಸಿಯು ಇನ್ನಷ್ಟು ಕೊಡುತ್ತದೆ.

ಲಾಭ ಇರುವುದು ಟರ್ಬೊ ಗಾಡಿಗಳಿಗೆ. ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್ ಕಾರಿಗೆ ರೀಮ್ಯಾಪ್ ಮಾಡಿಸುವುದು ಸುಮ್ನೆ ದುಡ್ಡು ದಂಡ.

ಅಂದಹಾಗೆ, ಇಸಿಯು ತಯಾರಿಸುವ ಬಾಷ್ ಕಂಪನಿಯ ಸಾಫ್ಟ್‌ವೇರ್ ವಿಭಾಗದ ದೊಡ್ಡ ಕಚೇರಿ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ಬೈಕುಗಳಿಗೆ ಪವರ್‌ಟ್ರಾನಿಕ್ ಎಂಬ ಟ್ಯೂನಿಂಗ್ ಇಸಿಯು ಮಾಡುವ ರೇಸ್ ಡೈನಮಿಕ್ಸ್ ಕೂಡ ಬೆಂಗಳೂರಿನದೇ. ಬರೆಯುವವರೂ ಇಲ್ಲೇ, ತಿದ್ದುವವರೂ ಇಲ್ಲೇ.

ಕಂಪನಿ ಬಿಟ್ಟ ಜಾಗ

ಕಂಪನಿಯ ಎಂಜಿನಿಯರ್‌ಗೆ ನಿಮ್ಮ ಕಾರು ಯಾರ ಕೈಗೆ ಹೋಗುತ್ತದೆ ಅಂತ ಗೊತ್ತಿರುವುದಿಲ್ಲ. ಅದು ಮೇ ತಿಂಗಳ ಕಲಬುರಗಿಯಲ್ಲಿ ಓಡಬೇಕು. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿಕೊಂಡು ಶಿರಾಡಿ ಘಾಟ್ ಹತ್ತಬೇಕು. ಯಾವುದೋ ಬಂಕಿನ ಯಾವುದೋ ಪೆಟ್ರೋಲ್ ಕುಡಿಯಬೇಕು. ಸರ್ವೀಸ್ ತಪ್ಪಿಸಿದರೂ ತಡೆಯಬೇಕು. ಇಷ್ಟಾದ ಮೇಲೂ ಮೂರು ವರ್ಷ, ಒಂದು ಲಕ್ಷ ಕಿಲೊಮೀಟರ್ ಕೆಡಬಾರದು. ಮಾರುತಿ 2024ರ ಜುಲೈನಿಂದ ಕೊಡುತ್ತಿರುವ ವಾರಂಟಿ ಇದೇ. ಹ್ಯುಂಡೈ ಮೂರು ವರ್ಷ, ಕಿಲೊಮೀಟರ್ ಮಿತಿಯಿಲ್ಲ ಅನ್ನುತ್ತದೆ. ಇಂಥ ಮಾತು ಕೊಡುವ ಮುಂಚೆ ಎಂಜಿನ್‌ನ ಮಿತಿಗಿಂತ ಒಂದಷ್ಟು ಕೆಳಗೇ ನಿಲ್ಲಿಸಿರುತ್ತಾರೆ. ಆ ನಡುವಿನ ಜಾಗವೇ ಟ್ಯೂನರ್ ಕಣ್ಣಿಗೆ ಬೀಳುವ “ಲಾಕ್”. ವಾರಂಟಿಯ ಖರ್ಚು ಲೆಕ್ಕ ಹಾಕಿದವರಿಗೆ ಅದು ಬಂಡವಾಳ.

ಆ ಜಾಗ ಎಲ್ಲ ಕಾರಿನಲ್ಲೂ ಒಂದೇ ಸಮ ಇರುವುದಿಲ್ಲ. ಜನ ತಪ್ಪುವುದು ಇಲ್ಲೇ. ಫೋಕ್ಸ್‌ವ್ಯಾಗನ್-ಸ್ಕೋಡಾ ಕಾರುಗಳನ್ನೇ ತಗೊಳ್ಳಿ, ನಮ್ಮಲ್ಲಿ ಟ್ಯೂನಿಂಗ್ ಹುಚ್ಚು ಜಾಸ್ತಿ ಇರುವುದು ಅವಕ್ಕೇ. ಹಳೆಯ ಪೋಲೊ ಜಿಟಿ 1.2 ಟಿಎಸ್‌ಐ ಟಾರ್ಕ್ 175 ನ್ಯೂಟನ್ ಮೀಟರ್. ಅದಕ್ಕೆ ಕೊಟ್ಟಿದ್ದ ಡಿಕ್ಯೂ200 ಎಂಬ ಏಳು ಗೇರಿನ ಆಟೊಮ್ಯಾಟಿಕ್ ಡಿಎಸ್‌ಜಿ ಗೇರ್‌ಬಾಕ್ಸಿನ ಮಿತಿ 250. ಅಂದರೆ ನಡುವೆ 75ರಷ್ಟು ಜಾಗ ಇತ್ತು. ಈಗ ವರ್ಟಸ್, ಟೈಗುನ್, ಸ್ಲಾವಿಯಾ, ಕುಶಾಕ್‌ಗಳ 1.5 ಟಿಎಸ್‌ಐ ನೋಡಿ. ಗೇರ್‌ಬಾಕ್ಸ್ ಅದೇ ಡಿಕ್ಯೂ200 ಕುಟುಂಬದ್ದು. ಎಂಜಿನ್ ಟಾರ್ಕ್ ಮಾತ್ರ ಕಾರ್ಖಾನೆಯಿಂದ ಬರುವಾಗಲೇ 250. ಜಾಗ ಸೊನ್ನೆ. ಪೋಲೊದಲ್ಲಿ ಏನೂ ಆಗಲಿಲ್ಲ ಅನ್ನುವ ಗೆಳೆಯನ ಮಾತು ನಂಬಿ 1.5 ಡಿಎಸ್‌ಜಿ ಕಾರನ್ನು 300ಕ್ಕೆ ಏರಿಸಿದರೆ, ಆ ಒಣ ಕ್ಲಚ್‌ಗಳು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಎಷ್ಟು ದಿನ ತಡೆದಾವು?

“ಅದೇ ಎಂಜಿನ್” ಎಂಬ ವಾದಕ್ಕೂ ಇಂಥದ್ದೇ ತೊಡಕು. ಮಾರುತಿಯ 1.3 ಡೀಸೆಲ್ ಸ್ವಿಫ್ಟ್‌ನಲ್ಲಿ 75 ಪಿಎಸ್ ಇತ್ತು, ಎರ್ಟಿಗಾದಲ್ಲಿ 90. ಹಾಗಾದರೆ ಸ್ವಿಫ್ಟ್ ಅನ್ನೂ 90ಕ್ಕೆ ಏರಿಸಿದರೆ ತಪ್ಪೇನು ಅಂತ ಬಹಳ ಜನ ಕೇಳುತ್ತಿದ್ದರು. ಎರ್ಟಿಗಾದಲ್ಲಿದ್ದ ಟರ್ಬೊ ಬೇರೆ, ಎಂಜಿನ್ ವೇಗಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುವ ವೇರಿಯಬಲ್ ಜಿಯೊಮೆಟ್ರಿಯದು. ಸ್ವಿಫ್ಟ್‌ನ ಸಾದಾ ಟರ್ಬೊದಿಂದ ಅಷ್ಟನ್ನೇ ಹಿಂಡಲು ಹೋದರೆ ಎಕ್ಸಾಸ್ಟ್ ಬಿಸಿ ಏರುತ್ತದೆ, ಹೊಗೆ ಕಪ್ಪಾಗುತ್ತದೆ.

ಪೆಟ್ರೋಲ್ ಟರ್ಬೊಗಳಲ್ಲಿ ಇನ್ನೊಂದು ಅಪಾಯವಿದೆ. ಸಣ್ಣ ಎಂಜಿನ್, ಡೈರೆಕ್ಟ್ ಇಂಜೆಕ್ಷನ್, ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್. ಈ ಮೂರೂ ಸೇರಿದಾಗ ಸ್ಪಾರ್ಕ್ ಬೀಳುವ ಮುಂಚೆಯೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳಬಹುದು. ಇದಕ್ಕೆ ಎಲ್‌ಎಸ್‌ಪಿಐ ಅನ್ನುತ್ತಾರೆ. ಮೇಲೇರುತ್ತಿರುವ ಪಿಸ್ಟನ್ ಮೇಲೆ ಸ್ಫೋಟ ಮೊದಲೇ ಬಿದ್ದು ಬಡಿಯುತ್ತದೆ. ಒಂದೆರಡು ಸಲ ತಡೆಯಬಹುದು. ಆಮೇಲೆ ಪಿಸ್ಟನ್ ರಿಂಗ್ ಕೂರುವ ಏಣು ಚಕ್ಕೆ ಏಳುತ್ತದೆ. ಆ ಸಿಲಿಂಡರಿನಲ್ಲಿ ಕಂಪ್ರೆಶನ್ ಬೀಳುತ್ತದೆ, ಎಂಜಿನ್ ನಡುಗುತ್ತದೆ, ಆಯಿಲ್ ಉರಿದು ನೀಲಿ ಹೊಗೆ ಬರುತ್ತದೆ. ಕಡಿಮೆ ಆರ್‌ಪಿಎಂನಲ್ಲೇ ಎಳೆತ ಜಾಸ್ತಿ ಸಿಗಲಿ ಅಂತ ಮಾಡಿದ ಮ್ಯಾಪ್ ಎಂಜಿನ್ನನ್ನು ತಳ್ಳುವುದು ಇದೇ ಜಾಗಕ್ಕೆ. ಟೆಸ್ಟ್ ಡ್ರೈವ್‌ನಲ್ಲಿ ಗಿರಾಕಿಗೆ ಖುಷಿ ಕೊಡುವುದೂ ಆ ಎಳೆತವೇ.

ಇದರ ಮೇಲೆ ಪೆಟ್ರೋಲ್ ಲೆಕ್ಕ. ಹೆಚ್ಚು ಆಕ್ಟೇನ್ ಇರುವ, ಅಂದರೆ ಸುಲಭಕ್ಕೆ ತಾನಾಗಿ ಹೊತ್ತಿಕೊಳ್ಳದ ಪೆಟ್ರೋಲ್ ನಂಬಿ ಮಾಡಿದ ಮ್ಯಾಪ್ ಬೆಂಗಳೂರಿನೊಳಗೆ ಚೆನ್ನಾಗಿಯೇ ನಡೆಯಬಹುದು. ಊರಿಗೆ ಹೊರಟಾಗ ದಾರಿಯ ಎಲ್ಲ ಬಂಕಲ್ಲೂ ಅದು ಸಿಗಬೇಕಲ್ಲ. ಸಾದಾ ಪೆಟ್ರೋಲ್ ಹಾಕಿದರೆ ಎಂಜಿನ್ ಬಡಿತ ಪತ್ತೆ ಮಾಡುವ ನಾಕ್ ಸೆನ್ಸರ್ ಒಂದಿಷ್ಟು ಕಾಪಾಡುತ್ತದೆ. ಟ್ಯೂನರ್ ಅದರ ಮಿತಿಯನ್ನೂ ಸಡಿಲಿಸಿದ್ದರೆ ಕಾಪಾಡುವುದು ಕಷ್ಟ.

ಸಿಕ್ಕಿಬೀಳುವುದು ಹೇಗೆ

“ಒರಿಜಿನಲ್ ಫೈಲ್ ನಮ್ಹತ್ರ ಇರುತ್ತೆ ಸರ್. ಸರ್ವೀಸಿಗೆ ಮುಂಚೆ ಬನ್ನಿ, ಹಾಕ್ಕೊಡ್ತೀವಿ.” ಇದು ಟ್ಯೂನಿಂಗ್ ವ್ಯಾಪಾರದ ಅತಿ ದುರ್ಬಲ ಭರವಸೆ. ಆಯಿಲ್ ಬದಲಿಸುವ ಮಾಮೂಲಿ ಸರ್ವೀಸಿಗೆ ಇದು ನಡೆದೀತು. ಆದರೆ ವಾರಂಟಿ ನೆನಪಾಗುವುದು ಆಯಿಲ್ ಬದಲಿಸುವಾಗ ಅಲ್ವಲ್ಲ! ತುಮಕೂರು ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತು, ಟೋಯಿಂಗ್ ಲಾರಿ ಮೇಲೆ ಮಲಗಿ ನೇರ ಸರ್ವೀಸ್ ಸೆಂಟರಿಗೆ ಬರುತ್ತದೆ. ಮಧ್ಯದಲ್ಲಿ ಟ್ಯೂನರ್ ಮನೆಗೆ ಹೋಗಿಬರುವುದು ಎಲ್ಲಿಂದ ಬಂತು?

ಸಣ್ಣ ಕೆಲಸವಾದರೆ ಯಾರೂ ಕೆದಕುವುದಿಲ್ಲ. ಪವರ್ ವಿಂಡೊ ಮೋಟರ್ ಹೋದರೆ ಬದಲಿಸಿ ಕಳಿಸುತ್ತಾರೆ. ಟರ್ಬೊ, ಗೇರ್‌ಬಾಕ್ಸ್, ಪಿಸ್ಟನ್ ಅಂದಾಗ ಬಿಲ್ ಲಕ್ಷಗಳಲ್ಲಿ ಇರುತ್ತದೆ. ಆಗ ಜಾಬ್ ಕಾರ್ಡ್ ಡೀಲರ್ ಮಟ್ಟದಲ್ಲಿ ನಿಲ್ಲದೆ ಕಂಪನಿಗೆ ಹೋಗುತ್ತದೆ. ಬಿಚ್ಚಿದ ಭಾಗದ ಫೋಟೋ ಕೇಳುತ್ತಾರೆ. ಸ್ಕ್ಯಾನರ್ ಹಾಕಿ ಇಸಿಯು ವಿವರ ಪೂರ್ತಿ ಕಳಿಸಲು ಹೇಳುತ್ತಾರೆ. ಅದರಲ್ಲಿ ಸಾಫ್ಟ್‌ವೇರ್ ಆವೃತ್ತಿ ಇರುತ್ತದೆ. ಒಳಗಿನ ಅಂಕಿಗಳನ್ನೆಲ್ಲ ಕೂಡಿ ತೆಗೆದ ಚೆಕ್‌ಸಮ್ ಇರುತ್ತದೆ, ಒಂದು ಅಂಕಿ ತಿದ್ದಿದರೂ ಅದು ಬದಲಾಗುತ್ತದೆ. ಹಲವು ಇಸಿಯುಗಳಲ್ಲಿ ಎಷ್ಟು ಸಲ ಬರೆಯಲಾಗಿದೆ ಎಂಬ ಲೆಕ್ಕ ಕೂಡ ಇರುತ್ತದೆ. ಡೀಲರ್ ದಾಖಲೆಯಲ್ಲಿ ಎರಡು ಸಲ ಅಪ್‌ಡೇಟ್ ಆಗಿದೆ, ಇಸಿಯು ಐದು ಅನ್ನುತ್ತಿದೆ ಅಂತಾದರೆ ಕೇಳಬೇಕಾದ್ದೇನೂ ಉಳಿಯುವುದಿಲ್ಲ. ಒರಿಜಿನಲ್ ಫೈಲ್ ವಾಪಸ್ ಹಾಕಿದ್ದೂ ಒಂದು ಸಲದ ಬರವಣಿಗೆಯೇ. ಇಸಿಯು ಬಿಚ್ಚಿ ಬೆಂಚ್ ಮೇಲಿಟ್ಟು ಬರೆದರೆ ಕೌಂಟರ್ ಏರದ ಮಾದರಿಗಳೂ ಇವೆ. ಆಗ ಡಬ್ಬಿಯ ಸೀಲ್ ಮೇಲೆ ಕೈಯಾಡಿಸಿದ ಗುರುತು ಉಳಿಯುತ್ತದೆ.

ಫೋಕ್ಸ್‌ವ್ಯಾಗನ್ ಗುಂಪಿನಲ್ಲಿ ಇದಕ್ಕೊಂದು ಹೆಸರೇ ಇದೆ: ಟಿಡಿ1. ಡೀಲರ್ ಸ್ಕ್ಯಾನರ್ ಕಂಪನಿ ಸರ್ವರಿಗೆ ಕನೆಕ್ಟ್ ಆದಾಗ ಸಾಫ್ಟ್‌ವೇರ್ ತಾಳೆಯಾಗದಿದ್ದರೆ ಆ ಕಾರಿನ ಚಾಸಿಸ್ ನಂಬರ್ ಮೇಲೆ ಈ ಗುರುತು ಬೀಳುತ್ತದೆ. ಆಮೇಲೆ ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಕ್ಲೇಮ್ ತಡೆಯಾಗುತ್ತದೆ. ಗುರುತು ಇರುವುದು ಕಂಪನಿ ಕಂಪ್ಯೂಟರಿನಲ್ಲಿ. ಸರ್ವೀಸ್ ಅಡ್ವೈಸರ್ ಎಷ್ಟೇ ಪರಿಚಯದವರಾದರೂ ಅಳಿಸಿಕೊಡಲು ಆಗುವುದಿಲ್ಲ.

ಟ್ಯೂನಿಂಗ್ ಬಾಕ್ಸ್ ಇಸಿಯುವನ್ನು ಮುಟ್ಟುವುದೇ ಇಲ್ಲ, ಬಿಚ್ಚಿಟ್ಟರೆ ಆಯಿತು ಅನ್ನುತ್ತಾರೆ. ಅದೂ ಒಂದು ಮಟ್ಟಿಗೆ ನಿಜ. ಆದರೆ ದೋಷ ಬಂದ ಕ್ಷಣದ ಒತ್ತಡ, ಬಿಸಿ, ಲೋಡ್‌ಗಳನ್ನು ಇಸಿಯು ಬರೆದಿಟ್ಟುಕೊಂಡಿರುತ್ತದೆ. ಸಿಮ್ ಇರುವ ಈಗಿನ ಕಾರುಗಳು ಒಂದಷ್ಟು ಮಾಹಿತಿಯನ್ನು ಕಂಪನಿಗೆ ಕಳಿಸುತ್ತಲೇ ಇರುತ್ತವೆ. ಒರಿಜಿನಲ್ ಸಾಫ್ಟ್‌ವೇರ್ ಇದ್ದೂ ಟರ್ಬೊ ಒತ್ತಡ ಅಳತೆ ಮೀರಿದೆ ಅಂದರೆ ಎಂಜಿನಿಯರ್‌ಗೆ ಗುಮಾನಿ ಬರುತ್ತದೆ.

ಸಿಕ್ಕಿಬೀಳುತ್ತೀರೋ ಇಲ್ಲವೋ, ಒಂದು ಮಾತು ಹೇಳಲೇಬೇಕು. ಟ್ಯೂನ್ ಮಾಡಿಸಿ ಎಂಜಿನ್ ಕೆಡಿಸಿಕೊಂಡು, ಫೈಲ್ ಬದಲಿಸಿ ಕಂಪನಿ ದುಡ್ಡಲ್ಲಿ ರಿಪೇರಿ ಮಾಡಿಸುವುದು ಜಾಣತನ ಅಲ್ಲ, ಮೋಸ.

ಕಾನೂನು ಯಾರ ಕಡೆ?

ಇದು ಬಹಳ ಜನರಿಗೆ ಗೊತ್ತಿಲ್ಲದ ಭಾಗ. ಅಂತರ್ಜಾಲದಲ್ಲಿ ಈ ಚರ್ಚೆ ಬಂದಾಗಲೆಲ್ಲ ಯಾರಾದರೊಬ್ಬರು ಅಮೆರಿಕದ ಮ್ಯಾಗ್ನುಸನ್-ಮಾಸ್ ಕಾಯ್ದೆಯ ಹೆಸರು ಎತ್ತುತ್ತಾರೆ. 1975ರ ಕಾಯ್ದೆ ಅದು. ತನ್ನ ಬ್ರಾಂಡಿನ ಬಿಡಿಭಾಗವನ್ನೇ ಬಳಸಬೇಕು, ಇಲ್ಲದಿದ್ದರೆ ವಾರಂಟಿ ಇಲ್ಲ ಅಂತ ಕಂಪನಿ ಷರತ್ತು ಹಾಕುವಂತಿಲ್ಲ ಅನ್ನುತ್ತದೆ. ಅಲ್ಲಿರುವ ನಮ್ಮವರಿಗೆ ಅದರಿಂದ ಉಪಯೋಗ ಉಂಟು. ಆದರೂ ಬದಲಾವಣೆಯಿಂದಲೇ ಕೆಟ್ಟಿದ್ದು ಅಂತ ಕಂಪನಿ ತೋರಿಸಿದರೆ ಅಲ್ಲೂ ದುಡ್ಡು ಬರುವುದಿಲ್ಲ. ಬೆಂಗಳೂರಿನ ಸರ್ವೀಸ್ ಸೆಂಟರಿನಲ್ಲಿ ಆ ಕಾಯ್ದೆ ಹೆಸರು ಹೇಳಿದರೆ ಏನೂ ಪ್ರಯೋಜನವಿಲ್ಲ.

ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಒಂದಿದೆ, ಅದನ್ನು ಮಾತ್ರ ಯಾರೂ ಎತ್ತುವುದಿಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಅನ್ನುವುದು ದೂರು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಅನ್ನುವಂತಿಲ್ಲ, ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದು ಅದೇ ಆದೇಶದಲ್ಲಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಕೆಲವರ ದಂಡ ಕಡಿಮೆಯೂ ಆಯಿತು. ಆ ಆದೇಶ ರಿಪೇರಿ ಬಗ್ಗೆ, ಟ್ಯೂನಿಂಗ್ ಬಗ್ಗೆ ಅಲ್ಲ. ಆದರೂ “ಹಾನಿ ಎಷ್ಟೋ ನಿರಾಕರಣೆ ಅಷ್ಟೇ” ಎಂಬ ತತ್ವ ನ್ಯಾಯವಾದದ್ದು ಅಂತ ನನಗನ್ನಿಸುತ್ತದೆ. ರೀಮ್ಯಾಪ್ ಮಾಡಿಸಿದ ಕಾರಿನ ಮ್ಯೂಸಿಕ್ ಸಿಸ್ಟಮ್ ಕೆಟ್ಟರೆ, ಏರ್‌ಬ್ಯಾಗ್ ದೀಪ ಉರಿದರೆ ಅದಕ್ಕೂ ಇದಕ್ಕೂ ಏನು ಸಂಬಂಧ? “ಯಾವುದೇ ಬದಲಾವಣೆ ಮಾಡಿದ ವಾಹನಕ್ಕೆ ವಾರಂಟಿ ಅನ್ವಯಿಸುವುದಿಲ್ಲ” ಎಂಬಂಥ ಒಂದು ಸಾಲನ್ನು ಪುಸ್ತಕದಲ್ಲಿ ಅಚ್ಚು ಹಾಕಿ ಎಲ್ಲದಕ್ಕೂ ಅದನ್ನೇ ತೋರಿಸುವುದು ಡೀಲರ್‌ಗೆ ಸುಲಭ. ಅಷ್ಟಕ್ಕೇ ಒಪ್ಪಿಕೊಂಡು ಬರಬೇಕಿಲ್ಲ. ಯಾವ ಭಾಗ, ಯಾವ ಕಾರಣ ಅಂತ ಬರಹದಲ್ಲಿ ಕೊಡಿ ಅಂತ ಕೇಳಬಹುದು.

ಕೊಡದಿದ್ದರೆ ಗ್ರಾಹಕರ ಆಯೋಗ ಇದೆ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲೇ ದೂರು. 10ರಿಂದ 20 ಲಕ್ಷದ ಕಾರಿಗೆ ಶುಲ್ಕ 400 ರೂಪಾಯಿ. ಎರಡು ವರ್ಷದೊಳಗೆ ಹಾಕಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದೇ ಕಡೆಗೆ ವಾಲಿದ ಒಪ್ಪಂದದ ಷರತ್ತನ್ನು ಪ್ರಶ್ನಿಸಲೂ ದಾರಿ ಇದೆ, ಅದಕ್ಕೆ ಮಾತ್ರ ರಾಜ್ಯ ಆಯೋಗಕ್ಕೆ ಹೋಗಬೇಕು. ದೋಷ ತಯಾರಿಕೆಯದ್ದೋ ಅಲ್ಲವೋ ಎಂಬ ತಾಂತ್ರಿಕ ಪ್ರಶ್ನೆ ಬಂದರೆ ಆಯೋಗ ಲ್ಯಾಬ್ ವರದಿ ತರಿಸಬಹುದು.

ಇಲ್ಲೇ ನೋಡಿ ಮಾಲೀಕರು ಸೋಲುವುದು. ಕಂಪನಿ ಹತ್ತಿರ ಇಸಿಯು ಲಾಗ್ ಇದೆ, ಮುರಿದ ಪಿಸ್ಟನ್ ಫೋಟೋ ಇದೆ, ಎಂಜಿನಿಯರ್ ವರದಿ ಇದೆ. ನಿಮ್ಮ ಹತ್ತಿರ ಏನಿದೆ? ಸಾಮಾನ್ಯವಾಗಿ ಒಂದು ಯುಪಿಐ ಸ್ಕ್ರೀನ್‌ಶಾಟ್, ಟ್ಯೂನರ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ, ಪವರ್ ಅಳೆದ ಡೈನೊ ಗ್ರಾಫ್. ಯಾವ ಅಂಕಿ ಎಷ್ಟು ಬದಲಾಯಿತು ಅಂತ ಬರೆದು ಸಹಿ ಹಾಕಿದ ಕಾಗದ ಬಹಳ ಕಡೆ ಕೊಡುವುದೇ ಇಲ್ಲ. ಟರ್ಬೊ ಮೊದಲಿಂದಲೇ ದೋಷದ್ದು, ಟ್ಯೂನಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ನಿಜವೇ ಆಗಿದ್ದರೂ ತೋರಿಸುವುದು ಹೇಗೆ? ನಿಜವಾದ ತಯಾರಿಕಾ ದೋಷದ ವಿರುದ್ಧ ನಿಮಗಿದ್ದ ಗಟ್ಟಿ ವಾದವನ್ನೂ ರೀಮ್ಯಾಪ್ ಸಡಿಲ ಮಾಡುತ್ತದೆ. ನನ್ನ ಪ್ರಕಾರ ವಾರಂಟಿ ರದ್ದಾಗುವುದಕ್ಕಿಂತ ದೊಡ್ಡ ನಷ್ಟ ಇದು.

ಆರ್‌ಟಿಒ ವಿಷಯ ಚಿಕ್ಕದು. ಆರ್‌ಸಿಯಲ್ಲಿರುವ ವಿವರಕ್ಕೂ ತಯಾರಕರು ಹೇಳಿದ್ದಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ರಸ್ತೆಯಲ್ಲಿ ನಡೆಯುವುದು ಬೇರೆ. ಕರ್ಕಶ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ ಫೋಟೋ ಪೇಪರಿನಲ್ಲಿ ಬರುತ್ತದೆ, ಇಸಿಯು ಒಳಗೆ ಇಣುಕಿದ ಪೊಲೀಸರನ್ನು ಕಾಣೆ. ಪೊಲ್ಯೂಶನ್ ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಡೀಸೆಲ್ ಗಾಡಿಗೆ ಅಳೆಯುವುದು ಹೊಗೆಯ ಸಾಂದ್ರತೆ, ನೈಟ್ರೊಜನ್ ಆಕ್ಸೈಡ್ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಪಾಸಾಗುತ್ತದೆ. ಪಾಸಾಯಿತು ಅಂದಮಾತ್ರಕ್ಕೆ ಬಿಎಸ್6 ಗಾಡಿಯ ಮಸಿ ಹಿಡಿದಿಡುವ ಫಿಲ್ಟರ್ ಆದ ಡಿಪಿಎಫ್ ಕಿತ್ತು ಹಾಕಿಸುವುದನ್ನು ಟ್ಯೂನಿಂಗ್ ಅಂತ ಕರೆಯಲು ನಾನು ತಯಾರಿಲ್ಲ. ಅದು ಹಿಂದೆ ಬರುವ ಸ್ಕೂಟರ್‌ನವರ ಮೂಗಿಗೆ ಮಸಿ ಬಿಡುವ ಕೆಲಸ.

ಕಂಪನಿಗಳೇನು ಸಾಚಾ ಅಂತಲ್ಲ. ಪರೀಕ್ಷೆಯಲ್ಲಿ ಮಾತ್ರ ಮಾಲಿನ್ಯ ಕಡಿಮೆ ತೋರಿಸುವ ಸಾಫ್ಟ್‌ವೇರ್ ಸಿಕ್ಕಿಬಿದ್ದ 2015ರ ಡೀಸೆಲ್ ಹಗರಣದ ನಂತರ ಫೋಕ್ಸ್‌ವ್ಯಾಗನ್ ಭಾರತದಲ್ಲಿ ಸುಮಾರು 3.23 ಲಕ್ಷ ಕಾರುಗಳ ಸಾಫ್ಟ್‌ವೇರ್ ಬದಲಿಸುವುದಾಗಿ ಹೇಳಿ ವಾಪಸ್ ಕರೆಯಬೇಕಾಯಿತು. 2019ರಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು.

ಇನ್ಶೂರೆನ್ಸ್‌ನಲ್ಲಿ ಮಾಡಿಸಿದ ಬದಲಾವಣೆಯನ್ನು ತಿಳಿಸಬೇಕು ಎಂಬ ಷರತ್ತು ಇರುತ್ತದೆ. ತಿಳಿಸಿದವರನ್ನು ನಾನಂತೂ ನೋಡಿಲ್ಲ. ಬಂಪರ್ ತಾಗಿದ ಕ್ಲೇಮಿಗೆ ಯಾರೂ ಇಸಿಯು ಓದುವುದಿಲ್ಲ. ಎಂಜಿನ್ ಕಡೆಯಿಂದ ಬೆಂಕಿ ಹತ್ತಿದ ಕ್ಲೇಮು ಬೇರೆ ಥರ ನಡೆಯುತ್ತದೆ.

ಇಷ್ಟೆಲ್ಲ ಕೇಳಿಯೂ ಮಾಡಿಸಲೇಬೇಕು ಅನ್ನುವವರು ಇರುತ್ತಾರೆ. ಅವರ ದುಡ್ಡು, ಅವರ ಕಾರು. ವಾರಂಟಿ ಮುಗಿದ, ಗೇರ್‌ಬಾಕ್ಸ್‌ನಲ್ಲಿ ಜಾಗವಿರುವ ಕಾರಿಗೆ ಮಿತಿಯಲ್ಲಿ ಮಾಡಿಸಿದ ಟ್ಯೂನ್ ವರ್ಷಗಟ್ಟಲೆ ನಡೆಯುವುದೂ ಉಂಟು. ಹೊಸ ಕಾರಾದರೆ ಲೆಕ್ಕ ಹಾಕುವಾಗ ಟ್ಯೂನಿಂಗ್‌ನ ಮೂವತ್ತು-ನಲವತ್ತು ಸಾವಿರವನ್ನು ಮಾತ್ರ ಬರೆಯಬೇಡಿ. ಒಂದು ಗೇರ್‌ಬಾಕ್ಸ್ ರಿಪೇರಿಯ ದುಡ್ಡನ್ನೂ ಪಕ್ಕದಲ್ಲಿ ಬರೆಯಿರಿ. ಇನ್ನು ಮೇಲೆ ವಾರಂಟಿ ಕೊಡುವ ಕಂಪನಿ ನೀವೇ. ಟ್ಯೂನರ್ ಹತ್ತಿರ ಟಾರ್ಕ್ ಎಷ್ಟಕ್ಕೆ ನಿಲ್ಲಿಸಿದ್ದಾರೆ, ಯಾವ ಪೆಟ್ರೋಲಿಗೆ ಮಾಡಿದ್ದಾರೆ ಅಂತ ಬರೆಸಿಕೊಳ್ಳಿ. ಮಾಮೂಲಿ ಸರ್ವೀಸಿಗೆ ಬಿಟ್ಟಾಗ ಡೀಲರ್ ಹೊಸ ಸಾಫ್ಟ್‌ವೇರ್ ಹಾಕಿಬಿಟ್ಟರೆ ನಿಮ್ಮ ಟ್ಯೂನ್ ಅಳಿಸಿ ಹೋಗುತ್ತದೆ. ಮತ್ತೆ ಹಾಕಲು ದುಡ್ಡು ಕೇಳುತ್ತಾರೋ ಇಲ್ಲವೋ ಅಂತಲೂ ಮೊದಲೇ ಕೇಳಿ.

ಈ ಎಲ್ಲ ಲೆಕ್ಕದಲ್ಲಿ ಪಾಪ ಅನ್ನಿಸುವುದು ಸೆಕೆಂಡ್ ಹ್ಯಾಂಡ್ ಕೊಳ್ಳುವವರನ್ನು ಕಂಡರೆ. ಎರಡು ವರ್ಷ ಹಳೆಯ ಟರ್ಬೊ ಕಾರು, “ಕಂಪನಿ ವಾರಂಟಿ ಇನ್ನೂ ಇದೆ” ಅಂತ ಜಾಹೀರಾತು. ಮಾರುವವರು ಒರಿಜಿನಲ್ ಫೈಲ್ ಹಾಕಿಸಿ, ಬಾಕ್ಸ್ ಬಿಚ್ಚಿಟ್ಟುಕೊಂಡು ಮಾರುತ್ತಾರೆ. ವಾರಂಟಿ ಹೋಗುವುದು ಚಾಸಿಸ್ ನಂಬರಿನ ಜೊತೆ, ಅದರ ಮೇಲೆ ಬಿದ್ದ ಗುರುತೂ ಹಾಗೇ ಹೋಗುತ್ತದೆ. ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಕಾರನ್ನು ಅಧಿಕೃತ ಸರ್ವೀಸ್ ಸೆಂಟರಿಗೆ ಒಯ್ದು, ಚಾಸಿಸ್ ನಂಬರ್ ಮೇಲೆ ಎಂಜಿನ್ ಮತ್ತು ಗೇರ್‌ಬಾಕ್ಸ್ ವಾರಂಟಿಗೆ ಏನಾದರೂ ತಡೆ ಇದೆಯಾ ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. “ಅಷ್ಟೆಲ್ಲ ಯಾಕೆ ಸರ್, ಗಾಡಿ ಫಸ್ಟ್ ಕ್ಲಾಸ್ ಇದೆ” ಅಂತ ಮಾರುವವರು ಎಳೆದಾಡಿದರೆ ಆ ಕಾರು ಬಿಟ್ಟು ಮುಂದಿನದನ್ನು ನೋಡಿ.